ಸಂಬಳಕ್ಕೊಂದು ದರ, ಷೇರಿಗೊಂದು ದರ: ತೆರಿಗೆ ಮತ್ತು ಅಸಮಾನತೆಯ ಲೆಕ್ಕ

ಬೆಂಗಳೂರಿನಲ್ಲಿ ಬೈಕ್ ಮೇಲೆ ಊಟದ ಪಾರ್ಸೆಲ್ ತಲುಪಿಸುವ ಒಬ್ಬ ಹುಡುಗನನ್ನು ತೆಗೆದುಕೊಳ್ಳೋಣ. ದಿನಕ್ಕೆ ಎರಡು ಲೀಟರ್ ಪೆಟ್ರೋಲ್ ಬೇಕು. ತಿಂಗಳಿಗೆ 26 ದಿನ ಕೆಲಸ, ಕೈಗೆ ಬರುವುದು 22 ಸಾವಿರ ರೂಪಾಯಿ. 2025ರಲ್ಲಿ ಬೆಂಗಳೂರಿನ ಬಂಕ್‌ಗಳಲ್ಲಿ ಪೆಟ್ರೋಲ್ ಬೆಲೆ ಸುಮಾರು 103 ರೂಪಾಯಿ ಇತ್ತು. ಅದರಲ್ಲಿ ಕೇಂದ್ರದ ಸುಂಕ 21 ರೂಪಾಯಿ 90 ಪೈಸೆ. ಆ ಸುಂಕವೂ ಸೇರಿದ ಬೆಲೆಯ ಮೇಲೆ ರಾಜ್ಯದ ಮಾರಾಟ ತೆರಿಗೆ ಶೇ 29.84. ಎರಡೂ ಸೇರಿದರೆ ಲೀಟರಿಗೆ ಸುಮಾರು 45 ರೂಪಾಯಿ. ಅಂದರೆ ಈ ಹುಡುಗ ಪೆಟ್ರೋಲ್ ಒಂದರಿಂದಲೇ ದಿನಕ್ಕೆ 90 ರೂಪಾಯಿ, ವರ್ಷಕ್ಕೆ 28 ಸಾವಿರ ರೂಪಾಯಿ ತೆರಿಗೆ ಕಟ್ಟುತ್ತಾನೆ. ಅವನ ದುಡಿಮೆಯ ಶೇ 10ಕ್ಕಿಂತ ಜಾಸ್ತಿ.

ಅವನು ಪಾರ್ಸೆಲ್ ಕೊಡುವ ಅಪಾರ್ಟ್‌ಮೆಂಟಿನಲ್ಲಿ ವರ್ಷಕ್ಕೆ 12 ಲಕ್ಷದ 75 ಸಾವಿರ ಸಂಬಳದ ಎಂಜಿನಿಯರ್ ಇದ್ದಾರೆ ಅನ್ನಿ. 2025-26ರ ಹೊಸ ಪದ್ಧತಿಯಲ್ಲಿ ಅವರ ಆದಾಯ ತೆರಿಗೆ ಸೊನ್ನೆ. ಸಂಬಳದಾರರಿಗೆ 75 ಸಾವಿರ ನೇರ ಕಡಿತ, ಉಳಿದ 12 ಲಕ್ಷಕ್ಕೆ ಪೂರ್ತಿ ರಿಯಾಯಿತಿ. ಎಂಜಿನಿಯರ್ ಕೂಡ ಪೆಟ್ರೋಲ್ ಹಾಕಿಸುತ್ತಾರೆ, ಸಾಮಾನು ಕೊಳ್ಳುತ್ತಾರೆ, ಅಲ್ಲೆಲ್ಲ ತೆರಿಗೆ ಕಟ್ಟುತ್ತಾರೆ. ಆದರೆ ಅವರ ಆದಾಯದಲ್ಲಿ ಅದರ ಪಾಲು ಎಷ್ಟು, ಹುಡುಗನ ಆದಾಯದಲ್ಲಿ ಎಷ್ಟು?

'ಈ ದೇಶದಲ್ಲಿ ತೆರಿಗೆ ಕಟ್ಟೋರು ನಾವು ನಾಲ್ಕು ಜನ' ಎಂಬ ಮಾತು ಆಫೀಸಿನ ಕ್ಯಾಂಟೀನುಗಳಲ್ಲಿ ಆಗಾಗ ಕೇಳುತ್ತದೆ. ಆದಾಯ ತೆರಿಗೆ ಮಟ್ಟಿಗೆ ಅದರಲ್ಲಿ ಸ್ವಲ್ಪ ನಿಜವಿದೆ. ರಿಟರ್ನ್ ಸಲ್ಲಿಸುವವರಲ್ಲೇ ಅರ್ಧಕ್ಕಿಂತ ಹೆಚ್ಚು ಮಂದಿಯ ತೆರಿಗೆ ಸೊನ್ನೆ. ಆದರೆ ತೆರಿಗೆ ಅಂದರೆ ಆದಾಯ ತೆರಿಗೆ ಒಂದೇ ಅಲ್ಲ. 2024-25ರಲ್ಲಿ ಜಿಎಸ್‌ಟಿಯಿಂದ ಬಂದ ಒಟ್ಟು ಮೊತ್ತ 22 ಲಕ್ಷ ಕೋಟಿ ರೂಪಾಯಿ ದಾಟಿತ್ತು. ಪೆಟ್ರೋಲ್, ಡೀಸೆಲ್, ಮದ್ಯ ಜಿಎಸ್‌ಟಿಯ ಹೊರಗಿವೆ, ಅವುಗಳ ಹಣ ಬೇರೆ. ಇದನ್ನೆಲ್ಲ ಕಟ್ಟುವವರು ಅಂಗಡಿಗೆ ಹೋಗುವ ಎಲ್ಲರೂ.

ದರ ಒಂದೇ, ಹೊರೆ ಬೇರೆ

ಆದಾಯ ಏರಿದಂತೆ ಅದರಲ್ಲಿ ತೆರಿಗೆಗೆ ಹೋಗುವ ಪಾಲೂ ಏರಿದರೆ ಆ ತೆರಿಗೆ ಅಂತರವನ್ನು ಕಡಿಮೆ ಮಾಡುತ್ತದೆ. ಆದಾಯ ಏರಿದಂತೆ ಪಾಲು ಇಳಿದರೆ ಅಂತರವನ್ನು ಹಿಗ್ಗಿಸುತ್ತದೆ. ಸೂತ್ರ ಇಷ್ಟೇ. ಇಲ್ಲಿ ಗಮನಿಸಬೇಕಾದದ್ದು ಕಟ್ಟಿದ ಮೊತ್ತವನ್ನಲ್ಲ, ಆದಾಯದಲ್ಲಿ ಅದರ ಪಾಲನ್ನು.

ಕರ್ನಾಟಕದ ವೃತ್ತಿ ತೆರಿಗೆ ಇದಕ್ಕೆ ಚೊಕ್ಕ ಉದಾಹರಣೆ. ತಿಂಗಳಿಗೆ 25 ಸಾವಿರ ಮತ್ತು ಅದಕ್ಕಿಂತ ಹೆಚ್ಚು ಸಂಬಳ ಇದ್ದವರಿಗೆ ತಿಂಗಳಿಗೆ 200 ರೂಪಾಯಿ, ಫೆಬ್ರುವರಿಯಲ್ಲಿ ಮಾತ್ರ 300. ಒಟ್ಟು ವರ್ಷಕ್ಕೆ 2,500. ಸಂವಿಧಾನದ 276ನೇ ವಿಧಿ ಇದಕ್ಕಿಂತ ಜಾಸ್ತಿ ವಸೂಲಿ ಮಾಡಲು ಬಿಡುವುದಿಲ್ಲ. 25 ಸಾವಿರ ಸಂಬಳದ ಗುಮಾಸ್ತನಿಗೆ ಇದು ಆದಾಯದ ಶೇ 0.83. ತಿಂಗಳಿಗೆ 5 ಲಕ್ಷ ಪಡೆಯುವ ಮ್ಯಾನೇಜರ್‌ಗೆ ಶೇ 0.04. ಇಬ್ಬರ ಪೇ ಸ್ಲಿಪ್ಪಿನಲ್ಲೂ ಕಾಣುವುದು ಅದೇ 200. ಮೊತ್ತ ಚಿಕ್ಕದು, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಕೊಳ್ಳುವ ಸಾಮಾನಿನ ಮೇಲೆ ಬೀಳುವ ಪರೋಕ್ಷ ತೆರಿಗೆಯೂ ಬಹುಪಾಲು ಇದೇ ರೀತಿ ಕೆಲಸ ಮಾಡುತ್ತದೆ.

ಕಾರಣ ಸರಳ. ಬಡವರ ದುಡಿಮೆ ಪೂರ್ತಿ ಖರ್ಚಾಗಿ ಹೋಗುತ್ತದೆ, ಹೋದ ರೂಪಾಯಿಯಲ್ಲಿ ತೆರಿಗೆಯೂ ಸೇರಿರುತ್ತದೆ. ಉಳ್ಳವರು ಆದಾಯದ ದೊಡ್ಡ ಭಾಗವನ್ನು ಉಳಿಸುತ್ತಾರೆ. ಮ್ಯೂಚುವಲ್ ಫಂಡಿಗೆ ಹೋದ ಹಣಕ್ಕೆ ಸೋಪಿಗೆ ಬಿದ್ದಂತೆ ಜಿಎಸ್‌ಟಿ ಬೀಳುವುದಿಲ್ಲ.

ಹಾಗಂತ ಜಿಎಸ್‌ಟಿಯೆಲ್ಲ ಬಡವರ ತಲೆ ಮೇಲೆಯೇ ಅನ್ನುವುದೂ ಅತಿಯಾಯಿತು. ಜಿಎಸ್‌ಟಿಯ ಶೇ 64ರಷ್ಟನ್ನು ಕೆಳಗಿನ ಅರ್ಧ ಜನಸಂಖ್ಯೆಯೇ ಕಟ್ಟುತ್ತದೆ ಎಂದು ಬಡತನದ ವಿರುದ್ಧ ಕೆಲಸ ಮಾಡುವ ಆಕ್ಸ್‌ಫ್ಯಾಮ್ ಸಂಸ್ಥೆಯ ವರದಿಯೊಂದು ಹೇಳಿತ್ತು. ಆ ಅಂಕಿ ವಾಟ್ಸ್‌ಆ್ಯಪ್‌ನಲ್ಲಿ ಇನ್ನೂ ಓಡಾಡುತ್ತಿದೆ. ಅದನ್ನು ಲೆಕ್ಕ ಹಾಕಿದ ರೀತಿಯನ್ನು ಅರ್ಥಶಾಸ್ತ್ರಜ್ಞರು ಪ್ರಶ್ನಿಸಿದರು. ನನಗೂ ಅದು ನಂಬುವಂತೆ ಕಾಣುವುದಿಲ್ಲ. ಬಿಡಿಯಾಗಿ ಮಾರುವ ಅಕ್ಕಿ, ರಾಗಿ, ಬೇಳೆಗೆ, ತರಕಾರಿಗೆ, ಹಾಲಿಗೆ ಜಿಎಸ್‌ಟಿ ಇಲ್ಲ. ಬಡ ಮನೆಯ ಖರ್ಚಿನಲ್ಲಿ ಇವುಗಳದ್ದೇ ದೊಡ್ಡ ಪಾಲು. ಜೊತೆಗೆ ಸಂತೆಯಲ್ಲಿ, ಬೀದಿ ಬದಿಯಲ್ಲಿ ಕೊಂಡದ್ದಕ್ಕೆ ತೆರಿಗೆ ಬಿಲ್ಲೇ ಇರುವುದಿಲ್ಲ.

ಆದರೆ ಬಿಲ್ ಇಲ್ಲ ಅಂದಮಾತ್ರಕ್ಕೆ ತೆರಿಗೆ ಇಲ್ಲ ಅಂತಲ್ಲ. ಜಿಎಸ್‌ಟಿ ನೋಂದಣಿ ಇಲ್ಲದ ಚಿಕ್ಕ ಹೋಟೆಲಿನವರು ಗ್ಯಾಸ್ ಸಿಲಿಂಡರ್‌ಗೆ, ಪಾತ್ರೆಗೆ, ಪಾರ್ಸೆಲ್ ಡಬ್ಬಿಗೆ ತೆರಿಗೆ ಕೊಟ್ಟೇ ತಂದಿರುತ್ತಾರೆ. ದೊಡ್ಡ ಕಂಪನಿಗಳಾದರೆ ತಾವು ಕೊಂಡದ್ದರ ಮೇಲಿನ ತೆರಿಗೆಯನ್ನು ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳಬಹುದು. ನೋಂದಣಿ ಇಲ್ಲದವರಿಗೆ ಆ ದಾರಿ ಇಲ್ಲ. ಆ ದುಡ್ಡು ಇಡ್ಲಿ ಬೆಲೆಯೊಳಗೆ ಸೇರಿಕೊಳ್ಳುತ್ತದೆ, ತಿಂದವರಿಗೆ ಗೊತ್ತೇ ಆಗುವುದಿಲ್ಲ.

ದರ ಇಡುವುದರಲ್ಲೂ ವಿಚಿತ್ರಗಳಿದ್ದವು. 2025ರ ಸೆಪ್ಟೆಂಬರ್ 22ರವರೆಗೆ ಟೂತ್‌ಪೇಸ್ಟ್, ಸೋಪು, ತಲೆಗೆ ಹಚ್ಚುವ ಎಣ್ಣೆಗೆ ಶೇ 18 ಜಿಎಸ್‌ಟಿ ಇತ್ತು. ಚಿನ್ನಕ್ಕೆ ಶೇ 3. ಚಿನ್ನದ ದರ ಏರಿಸಿದರೆ ಕಳ್ಳಸಾಗಣೆ ಹೆಚ್ಚುತ್ತದೆ ಎನ್ನುವುದು ಸರ್ಕಾರದ ಸಮಜಾಯಿಷಿ, ಅದು ಪೂರ್ತಿ ಸುಳ್ಳಲ್ಲ. ಆದರೂ ಎಂಟು ವರ್ಷ ಹಲ್ಲುಜ್ಜುವುದಕ್ಕೆ ಆರು ಪಟ್ಟು ದರ ಇತ್ತು ಅನ್ನುವುದು ಉಳಿಯಿತಲ್ಲ. ಆ ದಿನದಿಂದ ಈ ದಿನಬಳಕೆ ಸಾಮಾನುಗಳು ಶೇ 5ಕ್ಕೆ ಇಳಿದವು. ವೈಯಕ್ತಿಕ ಆರೋಗ್ಯ ಮತ್ತು ಜೀವ ವಿಮೆಯ ಮೇಲಿನ ತೆರಿಗೆ ಸೊನ್ನೆಯಾಯಿತು. ಐಷಾರಾಮಿ ಕಾರಿನಂಥವಕ್ಕೆ ಶೇ 40ರ ಹೊಸ ದರ ಬಂತು. ಅಸಮಾನತೆಯ ದೃಷ್ಟಿಯಿಂದ ನೋಡಿದರೆ ಆ ವರ್ಷ 12 ಲಕ್ಷದ ರಿಯಾಯಿತಿಗಿಂತ ಇದೇ ದೊಡ್ಡ ಕೆಲಸ. ಟಿವಿ ಚರ್ಚೆಯಲ್ಲಿ ಮಾತ್ರ 12 ಲಕ್ಷವೇ ಗೆದ್ದಿತು.

ಮದ್ಯದ ವಿಷಯದಲ್ಲಿ ನಮ್ಮ ರಾಜ್ಯ ಉಲ್ಟಾ ದಾರಿ ಹಿಡಿಯಿತು. 2024ರ ಆಗಸ್ಟ್‌ನಲ್ಲಿ ದುಬಾರಿ ಬ್ರ್ಯಾಂಡ್‌ಗಳ ಅಬಕಾರಿ ಸುಂಕ ಇಳಿಯಿತು. ಪಕ್ಕದ ರಾಜ್ಯಗಳಲ್ಲಿ ಅಗ್ಗ, ಅಲ್ಲಿಂದಲೇ ತರುತ್ತಾರೆ ಎನ್ನುವುದು ಕಾರಣ. 2025ರ ಮೇ ತಿಂಗಳಲ್ಲಿ ಅಗ್ಗದ ಸ್ಲ್ಯಾಬ್‌ಗಳ ಸುಂಕ ಏರಿತು. ಕುಡಿತ ಒಳ್ಳೆಯದಲ್ಲ, ಸರಿ. ಆದರೆ ಕ್ವಾರ್ಟರ್ ಬಾಟಲಿಯ ಬೆಲೆ ಏರಿದಾಗ ಕೂಲಿಯವರು ಕುಡಿಯುವುದನ್ನು ಬಿಡುವುದಕ್ಕಿಂತ ಮನೆಗೆ ಕೊಡುವ ದುಡ್ಡು ಕಡಿಮೆ ಮಾಡುವುದೇ ಹೆಚ್ಚು.

ದುಡಿದದ್ದಕ್ಕೆ ಜಾಸ್ತಿ, ಬೆಳೆದದ್ದಕ್ಕೆ ಕಡಿಮೆ

ಈಗ ಮೇಲಿನ ತುದಿಗೆ ಬರೋಣ. ಇಲ್ಲಿ ವಿಷಯ ಸ್ವಲ್ಪ ಗಟ್ಟಿ, ಆದರೆ ಇಡೀ ಚರ್ಚೆಯ ತಿರುಳು ಇಲ್ಲೇ ಇದೆ ಅಂತ ನನಗನ್ನಿಸುತ್ತದೆ.

ಇಬ್ಬರನ್ನು ತೆಗೆದುಕೊಳ್ಳಿ. ಇಬ್ಬರ ವರ್ಷದ ಆದಾಯವೂ 1 ಕೋಟಿ ರೂಪಾಯಿ. ಮೊದಲನೆಯವರು ಆಸ್ಪತ್ರೆಯೊಂದರಲ್ಲಿ ಸಂಬಳಕ್ಕಿರುವ ಹಿರಿಯ ಸರ್ಜನ್. ಕಡಿತಗಳೆಲ್ಲ ಕಳೆದು ತೆರಿಗೆಗೆ ಒಳಪಡುವ ಮೊತ್ತ 1 ಕೋಟಿ. ಹೊಸ ಪದ್ಧತಿಯಲ್ಲಿ ಮೊದಲ 24 ಲಕ್ಷಕ್ಕೆ ಹಂತಹಂತವಾಗಿ 3 ಲಕ್ಷ ತೆರಿಗೆ. ಉಳಿದ 76 ಲಕ್ಷಕ್ಕೆ ಶೇ 30ರಂತೆ 22.8 ಲಕ್ಷ. ಇದರ ಮೇಲೆ ಶೇ 10 ಸರ್‌ಚಾರ್ಜ್ (ದೊಡ್ಡ ಆದಾಯದವರಿಗೆ ತೆರಿಗೆಯ ಮೇಲೆ ಬೀಳುವ ತೆರಿಗೆ), ಅದರ ಮೇಲೆ ಶೇ 4 ಸೆಸ್ (ಗೊತ್ತಾದ ಉದ್ದೇಶಕ್ಕೆ ಹಾಕುವ ಹೆಚ್ಚುವರಿ ತೆರಿಗೆ). ಒಟ್ಟು ಸುಮಾರು 29.5 ಲಕ್ಷ.

ಎರಡನೆಯವರಿಗೆ ಕೆಲಸವಿಲ್ಲ, ಅಗತ್ಯವೂ ಇಲ್ಲ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡಿದ್ದ ಷೇರು ಮಾರಿದರು, 1 ಕೋಟಿ ಲಾಭ ಬಂತು. ಇದು ದೀರ್ಘಾವಧಿ ಬಂಡವಾಳ ಲಾಭ. 2024ರ ಜುಲೈ 23ರಿಂದ ಇದರ ದರ ಶೇ 12.5, ಅದೂ ಮೊದಲ 1.25 ಲಕ್ಷ ಬಿಟ್ಟು. ಬೇರೆ ಆದಾಯ ಇಲ್ಲದ್ದರಿಂದ 4 ಲಕ್ಷದ ಮೂಲ ವಿನಾಯಿತಿಯನ್ನೂ ಇಲ್ಲೇ ಬಳಸಿಕೊಳ್ಳಬಹುದು. ಸರ್‌ಚಾರ್ಜ್, ಸೆಸ್ ಎಲ್ಲ ಸೇರಿ ಕಟ್ಟುವುದು ಸುಮಾರು 13.5 ಲಕ್ಷ. ರಾತ್ರಿ ಎರಡು ಗಂಟೆಗೆ ಫೋನ್ ಬಂದರೆ ಎದ್ದು ಹೋಗಿ ಆಪರೇಷನ್ ಮಾಡುವವರು ಕಟ್ಟುವುದರಲ್ಲಿ ಇದು ಅರ್ಧಕ್ಕಿಂತ ಕಡಿಮೆ.

ಆದಾಯ ಇನ್ನೂ ಏರಿದರೆ ಅಂತರವೂ ಏರುತ್ತದೆ. ಹೊಸ ಪದ್ಧತಿಯಲ್ಲಿ ಸಂಬಳದ ಮೇಲಿನ ಗರಿಷ್ಠ ದರ ಎಲ್ಲ ಸೇರಿ ಶೇ 39. ಇಂಥ ಷೇರು ಲಾಭದ ಸರ್‌ಚಾರ್ಜ್ ಶೇ 15 ದಾಟುವಂತಿಲ್ಲ, ಹಾಗಾಗಿ ಅದರ ಗರಿಷ್ಠ ಶೇ 14.95. ಮೊದಲು ಇದೂ ಇರಲಿಲ್ಲ ಅನ್ನುವುದನ್ನು ಮರೆಯಬಾರದು. 2004ರಿಂದ 2018ರವರೆಗೆ ಇಂಥ ಲಾಭಕ್ಕೆ ತೆರಿಗೆಯೇ ಇರಲಿಲ್ಲ. 2018ರಲ್ಲಿ ಶೇ 10 ಆಯಿತು, ಆಮೇಲೆ ಶೇ 12.5.

ಇದಕ್ಕೊಂದು ಸಮರ್ಥನೆ ಇದೆ. ಕಂಪನಿ ತನ್ನ ಲಾಭದ ಮೇಲೆ ಮೊದಲೇ ತೆರಿಗೆ ಕಟ್ಟಿರುತ್ತದೆ, ಹೂಡಿಕೆದಾರರು ನಷ್ಟದ ಅಪಾಯವನ್ನೂ ಹೊತ್ತಿರುತ್ತಾರೆ, ದರ ಏರಿಸಿದರೆ ಬಂಡವಾಳ ಬೇರೆ ದೇಶಕ್ಕೆ ಹೋಗುತ್ತದೆ. ಈ ಮಾತುಗಳಲ್ಲಿ ಹುರುಳಿಲ್ಲ ಅಂತಲ್ಲ. ಆದರೆ ಕಂಪನಿ ತೆರಿಗೆಯೂ ಇಳಿದಿದೆ. 2019ರ ಸೆಪ್ಟೆಂಬರ್ 20ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅದರ ಮೂಲ ದರವನ್ನು ಶೇ 30ರಿಂದ 22ಕ್ಕೆ ಇಳಿಸಿದರು. ವಿನಾಯಿತಿಗಳನ್ನು ಬಿಟ್ಟುಕೊಡುವುದು ಅದಕ್ಕೆ ಷರತ್ತು. ಹೊಸ ಉತ್ಪಾದನಾ ಘಟಕಗಳಿಗೆ ಶೇ 15. ವರ್ಷಕ್ಕೆ 1.45 ಲಕ್ಷ ಕೋಟಿ ಬಿಟ್ಟುಕೊಡುತ್ತಿದ್ದೇವೆ ಎಂದು ಸರ್ಕಾರವೇ ಹೇಳಿತ್ತು. 2023-24ಕ್ಕೆ ಬರುವಷ್ಟರಲ್ಲಿ ಜನರ ಆದಾಯ ತೆರಿಗೆ ಸುಮಾರು 10.4 ಲಕ್ಷ ಕೋಟಿ, ಕಂಪನಿಗಳ ತೆರಿಗೆ ಸುಮಾರು 9.1 ಲಕ್ಷ ಕೋಟಿ. ಕಂಪನಿಗಳಿಗಿಂತ ವ್ಯಕ್ತಿಗಳೇ ಜಾಸ್ತಿ ಕಟ್ಟಿದರು.

ಇನ್ನೊಂದು ಗುಟ್ಟೂ ಇದೆ. ಸಂಬಳದ ತೆರಿಗೆ ತಿಂಗಳ ತಿಂಗಳ ಮೂಲದಲ್ಲೇ ಕಡಿತವಾಗುತ್ತದೆ. ಷೇರು ಲಾಭಕ್ಕೆ ತೆರಿಗೆ ಬೀಳುವುದು ಮಾರಿದಾಗ ಮಾತ್ರ. ಮಾರದೆ ಇಟ್ಟುಕೊಂಡರೆ ನೂರು ಕೋಟಿಯ ಷೇರು ಇನ್ನೂರು ಕೋಟಿಯಾದರೂ ತೆರಿಗೆ ಇಲ್ಲ. ಖರ್ಚಿಗೆ ಬೇಕಾದರೆ ಅದೇ ಷೇರನ್ನು ಒತ್ತೆಯಿಟ್ಟು ಸಾಲ ತೆಗೆಯಬಹುದು. ಸಾಲ ಆದಾಯವಲ್ಲವಲ್ಲ!

ಶೇ 97.75ರ ಕಾಲ

ಹಾಗಿದ್ದರೆ ಶ್ರೀಮಂತರ ಮೇಲೆ ಜೋರಾಗಿ ತೆರಿಗೆ ಹಾಕಿಬಿಟ್ಟರೆ ಆಯಿತಲ್ಲ ಅನ್ನಬಹುದು. ಹಾಕಿ ನೋಡಿದ್ದೇವೆ. 1973-74ರಲ್ಲಿ 2 ಲಕ್ಷ ರೂಪಾಯಿ ಮೀರಿದ ಆದಾಯಕ್ಕೆ ಶೇ 85 ತೆರಿಗೆ, ಅದರ ಮೇಲೆ ಶೇ 15 ಸರ್‌ಚಾರ್ಜ್ ಇತ್ತು. ಒಟ್ಟು ಶೇ 97.75. ನೂರು ರೂಪಾಯಿ ದುಡಿದರೆ ಕೈಗೆ ಎರಡೂಕಾಲು ರೂಪಾಯಿ. ಸಂಪತ್ತು ತೆರಿಗೆ ಬೇರೆ.

ಆದದ್ದೇನು? ದೊಡ್ಡವರು ಲೆಕ್ಕವನ್ನೇ ಎರಡು ಮಾಡಿಕೊಂಡರು, ಒಂದು ತೋರಿಸುವುದಕ್ಕೆ, ಒಂದು ಇಟ್ಟುಕೊಳ್ಳುವುದಕ್ಕೆ. ಕಪ್ಪುಹಣ ಹೆಚ್ಚಲು ಈ ದರಗಳೇ ದೊಡ್ಡ ಕಾರಣ ಎಂದು ನೇರ ತೆರಿಗೆಗಳ ಪರಿಶೀಲನೆಗೆ ಸರ್ಕಾರ ನೇಮಿಸಿದ್ದ ವಾಂಛೂ ಸಮಿತಿ 1971ರಲ್ಲೇ ಹೇಳಿತ್ತು. ಗರಿಷ್ಠ ದರ 1974-75ರಲ್ಲಿ ಶೇ 77ಕ್ಕೆ, 1985-86ರಲ್ಲಿ ಶೇ 50ಕ್ಕೆ, 1997-98ರಲ್ಲಿ ಶೇ 30ಕ್ಕೆ ಇಳಿಯಿತು.

ಇದೇ ಕಾಲದ ಇನ್ನೊಂದು ಅಂಕಿ ನೋಡಿ. ಫ್ರೆಂಚ್ ಅರ್ಥಶಾಸ್ತ್ರಜ್ಞ ಥಾಮಸ್ ಪಿಕೆಟಿ ಮತ್ತು ಸಂಗಡಿಗರು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಭಾರತದ ಅತಿ ಶ್ರೀಮಂತ ಶೇ 1 ಮಂದಿಯ ಆದಾಯದ ಪಾಲು 1980ರ ದಶಕದ ಆರಂಭದಲ್ಲಿ ಶೇ 6ರ ಆಸುಪಾಸಿಗೆ ಇಳಿದಿತ್ತು. 2022-23ಕ್ಕೆ ಅದು ಶೇ 22.6. ಕೆಳಗಿನ ಅರ್ಧ ಜನರಿಗೆ ಸಿಗುವುದು ಸುಮಾರು ಶೇ 15. ಸಂಪತ್ತಿನಲ್ಲಂತೂ ಮೇಲಿನ ಶೇ 1ರ ಪಾಲು ಶೇ 40.1.

ಇದನ್ನು ಓದಿ 'ನೋಡಿ, ತೆರಿಗೆ ಇಳಿಸಿದ್ದೇ ತಡ ಅಂತರ ಏರಿತು' ಅಂತ ತೀರ್ಮಾನಕ್ಕೆ ಬರುವುದು ಸುಲಭ. ಆದರೆ ಅದೇ ವರ್ಷಗಳಲ್ಲಿ ಉದ್ಯಮಕ್ಕೆಲ್ಲ ಸರ್ಕಾರದ ಪರವಾನಗಿ ಬೇಕಿದ್ದ ಲೈಸೆನ್ಸ್ ರಾಜ್ ಹೋಯಿತು, ಷೇರುಪೇಟೆ ಬೆಳೆಯಿತು, ಬೆಂಗಳೂರಿನ ಐಟಿ ಬಂತು. ಎಪ್ಪತ್ತರ ದಶಕದಲ್ಲಿ ಅಂತರ ಕಡಿಮೆ ಕಾಣಲು ಬಚ್ಚಿಟ್ಟ ಆದಾಯವೂ ಒಂದು ಕಾರಣ ಇರಬಹುದು. ತೆರಿಗೆ ಎಷ್ಟು, ಉಳಿದದ್ದೆಷ್ಟು ಅಂತ ಬಿಡಿಸಿ ಹೇಳುವುದು ಕಷ್ಟ. ಈ ಅಂಕಿಗಳ ಬಗ್ಗೆ ತಕರಾರೂ ಇದೆ. ಸರ್ಕಾರ ನೆಚ್ಚುವ ಸಮೀಕ್ಷೆಗಳು ಅಳೆಯುವುದು ಮನೆಗಳ ಖರ್ಚನ್ನು, ಆದಾಯವನ್ನಲ್ಲ. ಖರ್ಚಿನಲ್ಲಿ ಅಂತರ ಯಾವಾಗಲೂ ಕಡಿಮೆ ಕಾಣುತ್ತದೆ. ಕೋಟ್ಯಧಿಪತಿಯಾದರೂ ಊಟ ಮಾಡುವುದು ಮೂರೇ ಹೊತ್ತು ತಾನೆ.

ಸಂಪತ್ತು ತೆರಿಗೆಯ ಸಾವಿನ ಕಥೆ ಇನ್ನೂ ಸ್ವಾರಸ್ಯಕರ. ಅದು 1957ರಲ್ಲಿ ಬಂತು. 2015ರ ಬಜೆಟ್‌ನಲ್ಲಿ ಆಗಿನ ಹಣಕಾಸು ಸಚಿವ ಅರುಣ್ ಜೇಟ್ಲಿ ಅದನ್ನು ರದ್ದು ಮಾಡಿದರು. 2013-14ರಲ್ಲಿ ಇಡೀ ದೇಶದಿಂದ ಬಂದದ್ದು ಸುಮಾರು 1,008 ಕೋಟಿ, ವಸೂಲಿಯ ತಲೆನೋವೇ ಜಾಸ್ತಿ ಎನ್ನುವುದು ಅವರ ವಾದ. ಯಾಕೆ ಅಷ್ಟೇ ಬಂತು? 1993ರಿಂದ ಷೇರುಗಳಂಥ ಹೂಡಿಕೆಗಳನ್ನು ಈ ತೆರಿಗೆಯಿಂದ ಹೊರಗಿಟ್ಟಿದ್ದರು. ಒಡವೆ, ಕಾರು, ನಗರದ ನಿವೇಶನದಂಥವು ಮಾತ್ರ ಉಳಿದಿದ್ದವು. ದೊಡ್ಡ ಸಂಪತ್ತೆಲ್ಲ ಇರುವುದು ಷೇರಿನಲ್ಲಿ. ಅದನ್ನೇ ಬಿಟ್ಟು ಬಲೆ ಬೀಸಿ, ಮೀನು ಸಿಗಲಿಲ್ಲ ಅಂತ ಬಲೆಯನ್ನೇ ಎಸೆದಂತಾಯಿತು.

ಅದಕ್ಕೂ ಮೊದಲೇ, ಸತ್ತವರ ಆಸ್ತಿ ಮುಂದಿನವರಿಗೆ ಹೋಗುವಾಗ ಹಾಕುತ್ತಿದ್ದ ಎಸ್ಟೇಟ್ ಸುಂಕ ಹೋಗಿತ್ತು. 1953ರಲ್ಲಿ ಬಂದ ಅದನ್ನು 1985ರಲ್ಲಿ ಆಗಿನ ಹಣಕಾಸು ಸಚಿವ ವಿ.ಪಿ. ಸಿಂಗ್ ತೆಗೆದರು. ಆಗ ಬರುತ್ತಿದ್ದದ್ದು ವರ್ಷಕ್ಕೆ ಸುಮಾರು 20 ಕೋಟಿ. ಈಗ ಅಪ್ಪನಿಂದ ಮಗಳಿಗೆ ಸಾವಿರ ಕೋಟಿ ಬಂದರೂ ಬಂದದ್ದರ ಮೇಲೆ ತೆರಿಗೆ ಇಲ್ಲ. 2024ರ ಲೋಕಸಭಾ ಚುನಾವಣೆ ಹೊತ್ತಿಗೆ ಇಂಥ ತೆರಿಗೆಯ ಮಾತು ಎದ್ದಾಗ ಪಕ್ಷಗಳೆಲ್ಲ 'ನಮ್ಮದಲ್ಲಪ್ಪ' ಅಂತ ದೂರ ಸರಿದವು.

ಬಂದ ಹಣ ಎಲ್ಲಿಗೆ ಹೋಗುತ್ತದೆ

ತೆರಿಗೆ ವಸೂಲಿ ಅರ್ಧ ಕಥೆ. ಖರ್ಚು ಉಳಿದರ್ಧ. ಐರ್ಲೆಂಡ್‌ನಲ್ಲಿ ತೆರಿಗೆಗೆ ಮೊದಲಿನ ಆದಾಯದ ಅಂತರ ಯೂರೋಪಿನಲ್ಲೇ ಜಾಸ್ತಿ ಇರುವ ಕಡೆಗಳಲ್ಲೊಂದು. ತೆರಿಗೆ ಕಳೆದು, ಸರ್ಕಾರದ ನೆರವು ಕೂಡಿಸಿದ ಮೇಲೆ ನೋಡಿದರೆ ಯೂರೋಪಿನ ಸರಾಸರಿಗೆ ಹತ್ತಿರ ಬಂದುಬಿಡುತ್ತದೆ. ಚಿಲಿಯಲ್ಲಿ ಮೊದಲಿನ ಅಂತರಕ್ಕೂ ಆಮೇಲಿನ ಅಂತರಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಭಾರತದಲ್ಲಿ ಕೇಂದ್ರ, ರಾಜ್ಯ ಎರಡೂ ಸೇರಿ ತೆರಿಗೆಯಾಗಿ ಸಂಗ್ರಹಿಸುವುದು ಜಿಡಿಪಿಯ ಸುಮಾರು ಶೇ 18. ಶ್ರೀಮಂತ ದೇಶಗಳ ಸರಾಸರಿ ಶೇ 34ರ ಆಸುಪಾಸು. ಕೈಯಲ್ಲಿರುವುದೇ ಕಡಿಮೆ, ಹಂಚುವುದೂ ಕಡಿಮೆ.

ಕರ್ನಾಟಕದ ಗ್ಯಾರಂಟಿಗಳನ್ನು ಈ ಕಡೆಯಿಂದಲೂ ನೋಡಬಹುದು. ಗೃಹಲಕ್ಷ್ಮಿಯಲ್ಲಿ ಮನೆಯೊಡತಿಗೆ ತಿಂಗಳಿಗೆ 2,000, ವರ್ಷಕ್ಕೆ 24 ಸಾವಿರ. ನಮ್ಮ ಡೆಲಿವರಿ ಹುಡುಗನ ತಾಯಿಗೆ ಅದು ಸಿಗುತ್ತದೆ ಅಂದುಕೊಳ್ಳಿ. ಮಗ ಪೆಟ್ರೋಲಿನಲ್ಲಿ ಕಟ್ಟಿದ್ದು 28 ಸಾವಿರ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ತೆಗೆದುಕೊಂಡ ಹಾಗೆ. ಆದರೆ ಇಡೀ 28 ಸಾವಿರಕ್ಕೆ ರಾಜ್ಯವನ್ನೇ ಬೈಯುವುದು ನ್ಯಾಯವಲ್ಲ, ಹೆಚ್ಚುಕಡಿಮೆ ಅರ್ಧ ಕೇಂದ್ರಕ್ಕೆ ಹೋಗುತ್ತದೆ. ಆ 21 ರೂಪಾಯಿ 90 ಪೈಸೆಯಲ್ಲಿ ಮೂಲ ಅಬಕಾರಿ ಸುಂಕ ಬರೀ 1 ರೂಪಾಯಿ 40 ಪೈಸೆ. ಉಳಿದದ್ದು ವಿಶೇಷ ಹೆಚ್ಚುವರಿ ಸುಂಕ ಮತ್ತು ಸೆಸ್. ರಾಜ್ಯಗಳಿಗೆ ಪಾಲು ಸಿಗುವುದು ಮೂಲ ಸುಂಕದಲ್ಲಿ ಮಾತ್ರ. ಹಣ ಸಾಲದಾದಾಗ ರಾಜ್ಯಗಳ ಕೈಗೆ ಸಿಗುವುದು ಇಂಧನ, ಮದ್ಯ, ನೋಂದಣಿ ಇಷ್ಟೇ. 2024ರ ಜೂನ್‌ನಲ್ಲಿ ಕರ್ನಾಟಕ ಪೆಟ್ರೋಲ್ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿದ್ದೂ ಇದೇ ಇಕ್ಕಟ್ಟಿನಲ್ಲಿ. ಅಂಬಾನಿಯ ಷೇರಿಗೆ ತೆರಿಗೆ ಹಾಕುವ ಅಧಿಕಾರ ವಿಧಾನಸೌಧಕ್ಕಿಲ್ಲ.

ಮತ್ತೆ ಸಂಪತ್ತಿನ ಕಡೆಗೆ?

ಈಗ ಜಗತ್ತಿನಲ್ಲಿ ಚರ್ಚೆ ತಿರುಗಿದೆ. ಬ್ರೆಜಿಲ್ ಜಿ20 ಅಧ್ಯಕ್ಷತೆ ವಹಿಸಿದ್ದ 2024ರಲ್ಲಿ ಫ್ರೆಂಚ್ ಅರ್ಥಶಾಸ್ತ್ರಜ್ಞ ಗಾಬ್ರಿಯೆಲ್ ಜುಕ್‌ಮನ್ ಒಂದು ಪ್ರಸ್ತಾವ ಮುಂದಿಟ್ಟರು: ಡಾಲರ್ ಲೆಕ್ಕದ ಶತಕೋಟ್ಯಧಿಪತಿಗಳು, ಅಂದರೆ ಸುಮಾರು 3,000 ಜನ, ವರ್ಷಕ್ಕೆ ತಮ್ಮ ಸಂಪತ್ತಿನ ಕನಿಷ್ಠ ಶೇ 2ರಷ್ಟಾದರೂ ತೆರಿಗೆ ಕಟ್ಟಲಿ. ಭಾರತಕ್ಕಾಗಿ ಪಿಕೆಟಿ ತಂಡ ಹಾಕಿದ ಲೆಕ್ಕ ಬೇರೆ. 10 ಕೋಟಿ ಮೀರಿದ ಸಂಪತ್ತಿಗೆ ವರ್ಷಕ್ಕೆ ಶೇ 2, ಅಷ್ಟು ದೊಡ್ಡ ಆಸ್ತಿ ವಾರಸುದಾರರಿಗೆ ಹೋಗುವಾಗ ಶೇ 33. ವಯಸ್ಕರಲ್ಲಿ ಶೇ 0.04 ಮಂದಿಗೆ ಮಾತ್ರ ತಟ್ಟುವ ಇದರಿಂದ ಜಿಡಿಪಿಯ ಶೇ 2.73ರಷ್ಟು ಬರಬಹುದು ಎಂದು ಅವರ ಅಂದಾಜು.

ಕಾಗದದ ಮೇಲೆ ಇದು ಚೆನ್ನಾಗಿದೆ. ನಾರ್ವೆ 2022ರಲ್ಲಿ ಸಂಪತ್ತು ತೆರಿಗೆ ಏರಿಸಿದಾಗ ಅಲ್ಲಿನ ಕೆಲವು ದೊಡ್ಡ ಶ್ರೀಮಂತರು ಸ್ವಿಟ್ಜರ್ಲೆಂಡ್‌ಗೆ ಗಂಟುಮೂಟೆ ಕಟ್ಟಿದರು. ನಮ್ಮವರಿಗೆ ದುಬೈ ಮೂರೂವರೆ ಗಂಟೆ ದೂರ. ಅದಕ್ಕೇ ಜುಕ್‌ಮನ್ ಎಲ್ಲ ದೇಶಗಳೂ ಒಟ್ಟಿಗೆ ಮಾಡಬೇಕು ಅನ್ನುವುದು.

ಓಡಿಹೋಗುವುದಕ್ಕಿಂತ ಬೆಲೆ ಕಟ್ಟುವುದು ದೊಡ್ಡ ತೊಡಕು ಅಂತ ನನ್ನ ಲೆಕ್ಕ. ಷೇರಿನ ವಿಷಯ ಈಗ ಸಲೀಸು. ಎಸ್ಟೇಟ್ ಸುಂಕ ಹೋದಾಗ ಷೇರು ಅಂದರೆ ಬೀರುವಿನಲ್ಲಿಟ್ಟ ಕಾಗದ. ಇಂದು ಡಿಮ್ಯಾಟ್ ಖಾತೆ, ಪ್ಯಾನ್‌ಗೆ ಜೋಡಣೆ, ಸಂಜೆಯ ಬೆಲೆ ಬೆರಳತುದಿಯಲ್ಲಿ. ಜಮೀನು, ಮನೆಯದ್ದೇ ಕಷ್ಟ. ಕರ್ನಾಟಕ 2023ರ ಅಕ್ಟೋಬರ್ 1ರಿಂದ ಮಾರ್ಗಸೂಚಿ ಬೆಲೆಯನ್ನು, ಅಂದರೆ ಆಸ್ತಿ ನೋಂದಣಿಗೆ ಸರ್ಕಾರ ನಿಗದಿ ಮಾಡುವ ಕನಿಷ್ಠ ಬೆಲೆಯನ್ನು, ಏರಿಸಿತು. ಆದರೂ ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ನಿಜವಾಗಿ ಕೈ ಬದಲಾಗುವ ಮೊತ್ತ ಅದಕ್ಕಿಂತ ಬಹಳ ಮೇಲೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಬರೆಸುವುದು ಒಂದು, ಬ್ಯಾಗಿನಲ್ಲಿ ಹೋಗುವುದು ಇನ್ನೊಂದು. ಮಾರಾಟವಾದ ದಿನವೇ ನಿಜ ಬೆಲೆ ಹಿಡಿಯಲಾಗದ ಸರ್ಕಾರ, ಮಾರಾಟವಾಗದ ನಿವೇಶನಕ್ಕೆ ಪ್ರತಿವರ್ಷ ಬೆಲೆ ಕಟ್ಟುವುದು ಹೇಗೆ? ಸಂಪತ್ತು ತೆರಿಗೆಯ ಮಾತು ದೆಹಲಿಯಲ್ಲಿ ಮತ್ತೆ ಎದ್ದರೆ ಷೇರು ಇಟ್ಟುಕೊಂಡವರೇ ಮೊದಲು ಸಿಕ್ಕಿಬೀಳುತ್ತಾರೆ, ಸೈಟು ಇಟ್ಟುಕೊಂಡವರು ತಪ್ಪಿಸಿಕೊಳ್ಳುತ್ತಾರೆ.